ಸಮುದ್ರಕ್ಕೆ ಚೆಲ್ಲಿದ ಚರಗ

ಈಗಲೂ ಭಾಲ್ಕಿ ಸಂತೆಯಲ್ಲಿ ಒಣಮೀನಿನ ವಾಸನೆ ಬಡಿದರೆ ನನಗೆ ಮಲ್ಪೆಯ ಒಂದು ಮಧ್ಯಾಹ್ನ ನೆನಪಾಗುತ್ತದೆ.

ನನಗಾಗ ಎಂಟು ವರ್ಷ. ಔರಾದ ಕಡೆಯ ನಮ್ಮ ಹಳ್ಳಿಯಿಂದ ಮನೆಮಂದಿಯೆಲ್ಲ ಜೀಪು ಮಾಡಿಕೊಂಡು ಉಡುಪಿ ದೇವರಿಗೆ ಹೋಗಿ, ಹಾಗೇ ಸಮುದ್ರ ನೋಡಲು ಬಂದಿದ್ದೆವು. ದಂಡೆಯ ತುಂಬ ಹೆಂಗಸರು ಮೀನು ಒಣಹಾಕಿದ್ದರು. ಮರಳು ಅಂಗಾಲು ಸುಡುತ್ತಿತ್ತು. ಅಪ್ಪ, ಕಾಕಾ ಪ್ಯಾಂಟು ಮಡಚಿಕೊಂಡರು.

"ಅವ್ವಾ, ನೀ ಇಲ್ಲೇ ಕುಂತು ಚಪ್ಪಲಿ ನೋಡ್ಕೋ. ವಯಸ್ಸಾಗ್ಯಾದ, ನೀರು ಎಳೀತದ," ಎಂದ ಅಪ್ಪ.

"ಎರಡು ದಿನ ಗಾಡ್ಯಾಗ ಕುಂತು ನಿನ್ನ ಚಪ್ಪಲಿ ಕಾಯ್ಲಾಕ ಬಂದೀನೇನೋ?" ಎಂದಳು ಆಯಿ, ನನ್ನ ಅಜ್ಜಿ. ಸೀರೆಯ ಕಚ್ಚೆ ಬಿಗಿದು, ನನ್ನ ಕೈ ಹಿಡಿದು ನಡೆದೇಬಿಟ್ಟಳು.

ನೀರಿನ ಅಂಚಿಗೆ ನಿಂತು ಸೆರಗಿನ ಗಂಟಿನಿಂದ ಸಜ್ಜಿ ರೊಟ್ಟಿ ತೆಗೆದಳು. ಎಳ್ಳಮಾವಾಸ್ಯೆಗೆ ಜೋಳದ ಹೊಲದಲ್ಲಿ ಭೂಮಿತಾಯಿಗೆ ಎಡೆಯಾಗಿ ಚರಗ ಚೆಲ್ಲುವ ಹಾಗೆ ಮುರಿದು ಮುರಿದು ಅಲೆಗೆ ಚೆಲ್ಲಿದಳು.

"ಅವ್ವ ಸಮುದ್ರದಾಗ ಜ್ವಾಳಾ ಬೆಳೀತಾಳ ನೋಡ್ರಿ," ಎಂದು ಕಾಕಾ ನಕ್ಕ.

"ಉಣ್ಲಿ ಬಿಡು. ಅದಕ್ಕೂ ಹಸಿವಿರ್ತದ."

ಅಷ್ಟರಲ್ಲಿ ದೊಡ್ಡ ಅಲೆಯೊಂದು ಬಂದು ಆಯಿಯನ್ನು ಕೆಡವಿತು. ಅಪ್ಪ ಓಡಿ ಬಂದು ರಟ್ಟೆ ಹಿಡಿದ. "ಸಾಕು, ನಡಿ ಮ್ಯಾಲ."

ಆಯಿ ಕೈ ಕೊಸರಿಕೊಂಡಳು. ಉಪ್ಪುನೀರು ಉಗುಳಿದಳು. ಹಾಯಲು ಬರುವ ಟಗರನ್ನು ಹಿಡಿಯುವಾಗ ನಿಲ್ಲುವಂತೆ ಒಂದು ಕಾಲು ಮುಂದಿಟ್ಟು, ಮೊಣಕಾಲು ಬಗ್ಗಿಸಿ ನಿಂತಳು.

"ಟಗರು ಎಷ್ಟು ಸಲ ಕೆಡವ್ಯಾವ ನನಗ. ಇದಕ್ಕ ಕೋಡರೆ ಎಲ್ಲಿ ಅವ?"

ಮುಂದಿನ ಅಲೆ ಅವಳ ಸೊಂಟಕ್ಕೆ ಬಡಿದು ಒಡೆಯಿತು. ಆಯಿ ಕದಲಲಿಲ್ಲ.

"ಇನ್ನೊಂದು ಬರ್ಲಿ," ಎಂದಳು.