ಹಿತ್ತಲ ಬಾಗಿಲ ಹಾಸಿಗೆ

“ನಿನ್ನೆ ರಾತ್ರಿ ಬಾವಿ ಕಡೆ ಮಾರಿ ಮಾಡಿ, ಎರಡೂ ಕೈ ಚಾಚಿ ನಿಂತಿದ್ಳವ್ವಾ ನಿಮ್ಮತ್ತಿ. ‘ಬಾ ನನ್ನವ್ವಾ, ಬಾ’ ಅಂತ ಕರೀತಿದ್ಳು. ಖರೇ ಹೇಳ್ತೇನಿ, ನನ್ನ ಎದಿ ಒಡದು ನೀರಾತು!”

ನೆರೆಮನೆಯ ರಂಜಾನಬಿ ಗೋಡೆಯ ಮೇಲಿಂದ ತಲೆಯಷ್ಟನ್ನೇ ತೋರಿಸಿ ಹೇಳಿದಳು.

“ಯಾರನ್ನ ಕರೀತಿದ್ರು?” ಬನಶಂಕರಿ ಕೇಳಿದಳು.

“ಅಲ್ಲಿ ಬೇವಿನ ಗಿಡದ ಕತ್ತಲ. ಯಾರೂ ಕಾಣ್ಲಿಲ್ಲ.”

ಬನಶಂಕರಿಯ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು. ಏಳು ತಿಂಗಳು ತುಂಬಿತ್ತು. ಈಚೆಗೆ ಎಷ್ಟು ಮಲಗಿದರೂ ಮೈ ದಣಿದೇ ಇರುತ್ತಿತ್ತು; ಬಸುರಿಯ ದಣಿವು ಎಂದುಕೊಂಡಿದ್ದಳು. ಅದರ ಮೇಲೆ ಈ ಭಯ. ಅತ್ತೆ ಒಂದು ದಿನ ಬಾವಿ ಪಾಲಾಗುತ್ತಾಳೆ.

ಸಂಗವ್ವ ಮಲಗುವುದನ್ನೇ ಬಿಟ್ಟಿದ್ದಳು. ಕಣ್ಣು ಕೆಂಡದಂತಾಗಿದ್ದವು. ಒಳಗೆ ಬೆಚ್ಚಗೆ ಜಾಗವಿದ್ದರೂ ಹಿತ್ತಲ ಬಾಗಿಲ ಪಕ್ಕಕ್ಕೇ ಹಾಸಿಗೆ ಹಾಕುತ್ತಿದ್ದಳು. ಬಾಗಿಲು ತೆರೆದರೆ ನಾಲ್ಕು ಹೆಜ್ಜೆಗೆ ಬಾವಿ. ಸಂಜೆಯೆಲ್ಲ ಮಗ್ಗದ ಕೆಟ್ಟ ರೇಶ್ಮೆ ಎಳೆಗಳನ್ನು ಕೂಡಿಸಿ ಹೊಸೆಯುತ್ತಿದ್ದಳು. ಯಾಕೆಂದು ಕೇಳಿದರೆ ಹೇಳುತ್ತಿರಲಿಲ್ಲ.

“ರಾತ್ರಿ ಎಲ್ಲಿ ಹೋಗ್ತೀರಿ ಅತ್ತಿ?”

“ನಾ ಎಲ್ಲಿ ಹೋಗ್ಲಿ ಯವ್ವಾ? ಹೋದವರ ಹಿಂದ ಹೋಗ್ತೇನಿ.”

ಮಾವ ತೀರಿಕೊಂಡು ಮೂರು ವರ್ಷ. ಬನಶಂಕರಿ ಅತ್ತೆಯ ಕೈ ಹಿಡಿದಳು.

“ಹಂಗಂದ್ರ?”

“ಬಸುರಿ ಹೆಂಗಸಿಗೆ ಅಂಜಿಕಿ ಮಾತು ಹೇಳಬಾರದು. ಹಡದು ಹಗುರಾಗು, ಆಮ್ಯಾಲೆ ಎಲ್ಲಾ ಹೇಳ್ತೇನಿ.” ಸಂಗವ್ವ ಬಗ್ಗಿ, ಸೊಸೆಯ ಕಾಲ್ಗಡಗಕ್ಕೆ ಸಿಕ್ಕಿದ್ದ ಕೆಂಪು ಎಳೆಯ ತುಂಡನ್ನು ಕಿತ್ತು ಬಿಸಾಡಿದಳು. ಬನಶಂಕರಿಯ ಕಾಲಿಗೆ ದಿನವೂ ಅಂಥದೊಂದು ಇರುತ್ತಿತ್ತು. ಇಳಕಲ್ಲಿನ ನೇಕಾರರ ಮನೆ. ಎಳೆ ಅಂಟದವರು ಯಾರಿದ್ದಾರೆ?

ಗಂಡ ಹೊಳಬಸಪ್ಪ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತಲ್ಲೇ ನಕ್ಕ. “ಮುಂಬಯಿ ಸರ್ಕಾರ ಹೋಗಿ ಮೈಸೂರು ಸರ್ಕಾರ ಬಂತು, ನಮ್ಮವ್ವಗ ಮಾತ್ರ ನಿದ್ದಿ ಬರ್ಲಿಲ್ಲ!” ಆದರೂ ಮರುದಿನವೇ ಹುನಗುಂದದ ದವಾಖಾನೆಗೆ ಹೋಗಿ ನಿದ್ದೆಯ ಪುಡಿ ತಂದ.

ಸಂಗವ್ವ ಮೊದಲ ಪುಡಿಕೆಯನ್ನು ಒಲೆಗೆ ಎಸೆದಳು. “ನನಗ ನಿದ್ದಿ ಬ್ಯಾಡ! ನಾ ಮಲಗಿದ್ರ ಮನಿ ಹಾಳಾಗತೈತಿ!”

ಎರಡನೆಯದನ್ನು ಬನಶಂಕರಿ ಹಾಲಿನಲ್ಲಿ ಕದಡಿದಳು. ಮೋಸ ಎಂದು ಗೊತ್ತಿತ್ತು. ಆದರೆ ಇದು ಅತ್ತೆಯ ಜೀವ ಉಳಿಸುವ ಮಾತು.

“ಹಾಲು ಕಹಿ ಐತಲ್ಲ?”

“ಬೆಲ್ಲ ಕಮ್ಮಿ ಬಿದ್ದೈತ್ರಿ.”

ಸಂಗವ್ವ ಕುಡಿದಳು. ಸ್ವಲ್ಪ ಹೊತ್ತಿಗೆ ನಾಲಗೆ ತೊದಲಿತು. ಸೊಸೆಯ ಮುಖ ನೋಡಿದಳು. ಅವಳಿಗೆ ತಿಳಿದುಹೋಯಿತು. ಬೈಯಲಿಲ್ಲ, ಕಣ್ಣಲ್ಲಿ ಭಯ ಮಾತ್ರ ತುಂಬಿತು.

“ಏನು ಮಾಡ್ದಿ ಯವ್ವಾ... ಹಿತ್ತಲ ಬಾಗಲಾ ಕೀಲಿ ಹಾಕು. ಕೀಲಿ ನಿನ್ನ ಕಡೆ ಇಟ್ಕೋಬ್ಯಾಡ. ಹೊಳಬಸೂನ ಕೈಯಾಗ ಕೊಡು.”

“ಆತ್ರಿ, ಮಲಗ್ರಿ ನೀವು.”

ಹೊಳಬಸಪ್ಪ ಆಗಲೇ ಗೊರಕೆ ಹೊಡೆಯುತ್ತಿದ್ದ. ಬನಶಂಕರಿ ಬೀಗ ಹಾಕಿ, ಕೀಲಿಯನ್ನು ತನ್ನ ತಲೆದಿಂಬಿನ ಕೆಳಗೇ ಇಟ್ಟುಕೊಂಡು ಒಳಕೋಣೆಯಲ್ಲಿ ಮಲಗಿದಳು. ಎಷ್ಟೋ ದಿನಗಳ ಮೇಲೆ ನೆಮ್ಮದಿ. ಕಣ್ಣು ಮುಚ್ಚುವಾಗ, ಯಾರೋ ನೆಲದ ಮೇಲೆ ತೆವಳಿ ಬಂದಂತಾಯಿತು. ಬೆಕ್ಕಿರಬೇಕು.

ಕಾಲನ್ನು ಯಾರೋ ಜಗ್ಗಿದಂತಾಗಿ ಎಚ್ಚರವಾಯಿತು. ನಸುಕು ಹರಿದಿತ್ತು. ಪಾದದ ಕೆಳಗೆ ತಣ್ಣನೆಯ ಕಲ್ಲು. ಒಂದು ಹೆಜ್ಜೆ ಮುಂದೆ ಬಾವಿ ಕಪ್ಪಗೆ ಬಾಯಿ ತೆರೆದಿತ್ತು. ಅವಳ ಕೈಯಲ್ಲಿ ಕೀಲಿ ಇತ್ತು. ಅದು ಜಾರಿತು, ಆಳದಲ್ಲಿ ನೀರು ಸದ್ದು ಮಾಡಿತು.

ಅವಳ ಕಾಲ್ಗಡಗಕ್ಕೆ ಗಂಟು ಹಾಕಿದ್ದ ಹೊಸೆದ ಕೆಂಪು ಎಳೆ, ಬಿಗಿಯಾಗಿ ಹಿಂದಕ್ಕೆ ಹೋಗಿ, ತೆರೆದ ಬಾಗಿಲೊಳಗೆ ಪುಡಿಯ ನಿದ್ದೆಯಲ್ಲಿ ಬಿದ್ದಿದ್ದ ಸಂಗವ್ವನ ಮಣಿಕಟ್ಟಿನಲ್ಲಿ ಮುಗಿದಿತ್ತು.