ಇಳಿಜಾರಿನಲ್ಲಿ ಚಾವಿ

ಕೊಲ್ಲಮೊಗ್ರಿನ ಇಳಿಜಾರು ಶುರುವಾದದ್ದೇ ತಡ, ತೀರ್ಥರಾಮ ಗೌಡರು ಹಳೇ ಪಿಕಪ್ಪಿನ ಚಾವಿ ತಿರುಗಿಸಿ ಇಂಜಿನ್ ಆಫ್ ಮಾಡಿದರು. ಇಳಿತದಲ್ಲಿ ಪೆಟ್ರೋಲ್ ಸುಡುವವರು ಅವರ ಕಣ್ಣಿಗೆ ಮನುಷ್ಯರೇ ಅಲ್ಲ.

"ಆಫ್ ಮಾಡ್ಬೇಡಿ ಗೌಡ್ರೆ. ಈಗ ಹಾಕಿದ್ದು ಪವರ್ ಬ್ರೇಕ್, ಇಂಜಿನ್ ಓಡ್ತಾ ಇದ್ರೆ ಮಾತ್ರ ಸರಿ ಹಿಡಿಯುದು. ಆಫಾದ್ರೆ ಒಂದೆರಡು ಸಲ ಹಿಡಿದೀತು, ಅಷ್ಟೆ," ಎಂದ ಪಕ್ಕದಲ್ಲಿದ್ದ ಮೆಕ್ಯಾನಿಕ್ ಕಿಟ್ಟಣ್ಣ.

"ನಿನ್ನ ಅಪ್ಪ ಸೈಕಲ್ಲಿಗೆ ಪಂಕ್ಚರ್ ಹಾಕುವಾಗ ನಾನು ಈ ಗಾಡಿ ಓಡಿಸಿದವ. ಬಾಯಿ ಮುಚ್ಚಿ ಕೂತ್ಕೊ ಮಾರಾಯ." ಗ್ರೀಸ್ ಮೆತ್ತಿದ ಕೈಯವನಿಗೆ ಇಷ್ಟುದ್ದ ನಾಲಗೆ!

ಮೊದಲೆರಡು ತಿರುವಿನಲ್ಲಿ ಬ್ರೇಕ್ ಚೆನ್ನಾಗಿಯೇ ಹಿಡಿಯಿತು. ಗೌಡರು ಮೀಸೆಯಡಿ ನಕ್ಕರು. ಮೂರನೆಯದರಲ್ಲಿ ಪೆಡಲು ಕಲ್ಲಾಯಿತು. ಎದುರಿಗೆ ತುಂಬಿದ ಬಸ್ಸು. ಎರಡೂ ಕಾಲಲ್ಲಿ ಒತ್ತಿದರೂ ಗಾಡಿ ನಿಲ್ಲದು. ಗೌಡರ ಕೈ ಹೋದದ್ದು ಹಾರ್ನಿಗೆ. ಕಿಟ್ಟಣ್ಣ ಅಡ್ಡ ಬಾಗಿ ಚಾವಿ ತಿರುಗಿಸಿದ. ಇಂಜಿನ್ ಗುರುಗುಟ್ಟಿತು. ಬಸ್ಸಿನ ಮೂತಿಗೆ ಒಂದು ಗೇಣು ಇರುವಾಗ ಪಿಕಪ್ ನಿಂತಿತು.

ಬಸ್ಸು ಹೋಯಿತು. ಮುಂದಿನ ಇಳಿಜಾರಿನಲ್ಲಿ ಗೌಡರ ಕೈ ತಾನಾಗಿ ಚಾವಿಯ ಕಡೆ ಸರಿಯಿತು. ಬೆಲ್ಲದ ಡಬ್ಬಕ್ಕೆ ಕೈ ಹಾಕುವ ಮಗುವಿಗೆ ಪೆಟ್ಟು ಕೊಡುವ ಹಾಗೆ ಕಿಟ್ಟಣ್ಣ ಆ ಕೈಗೆ ಫಟ್ಟನೆ ಒಂದು ಬಿಟ್ಟ. ಗೌಡರು ತೆಪ್ಪಗೆ ಕೈಯನ್ನು ಸ್ಟೇರಿಂಗಿನ ಮೇಲಿಟ್ಟರು.