ಉಪ್ಪಿಲ್ಲದ ಗಂಜಿ

ಚಳಿ ಹಿಡಿಯುತ್ತಿದ್ದ ದಿನಗಳು, ಬೆಳಗಿನ ಗಂಜಿಯ ಹೊತ್ತು. ಅಪ್ಪ ಕುಸಿದು ಬಿದ್ದ ಸುದ್ದಿ ಕೇಳಿ ದೇಜಾನ್ ಪಟ್ಟಣದಿಂದ ಆಗಷ್ಟೇ ಬಂದಿಳಿದ ಸೆಹ್ವಾ, ಅವನ ಬಟ್ಟಲಿನಿಂದ ಒಂದು ಚಮಚ ಬಾಯಿಗಿಟ್ಟವಳೇ ಮುಖ ಕಿವುಚಿದಳು. ಸೋಯಾ ಹಾಲು ಒಡೆದು ತೋಫು ಮಾಡುವ ದೊಡ್ಡ ಹಂಡೆ ಮೂಲೆಯಲ್ಲಿ ಬೋರಲು ಬಿದ್ದಿತ್ತು.

“ಅಮ್ಮಾ, ಇದರಲ್ಲಿ ಉಪ್ಪೇ ಇಲ್ವಲ್ಲ! ಅಪ್ಪ ಕುಸಿದು ಬಿದ್ದಿದ್ದು ರಕ್ತದಲ್ಲಿ ಉಪ್ಪು ಇಳಿದುಹೋಗಿ ಅಂತ ಆಸ್ಪತ್ರೆಯವರು ಹೇಳಿದ್ರು. ಉಪ್ಪು ನಿಲ್ಲಿಸು ಅಂತ ನಿನಗೆ ಯಾರು ಹೇಳಿದ್ದು?”

“ನೀನೇ ಕಣೇ!” ಮಲ್ಸುನ್ ಸೌಟು ಕುಕ್ಕಿದಳು.

ಶರತ್ಕಾಲದ ಸುಗ್ಗಿ ಹಬ್ಬಕ್ಕೆ ಬಂದಾಗ ಇದೇ ಅಡುಗೆಮನೆಯಲ್ಲಿ ಮಗಳು ಆ ಮಾತು ಆಡಿದ್ದಳು. ಅಪ್ಪನ ನಡುಕದ ಕಾಯಿಲೆಯ ಮೇಲೆಯೇ ಅವಳ ಪ್ರಯೋಗಶಾಲೆಯ ಕೆಲಸ. ಅಲ್ಲಿ ಏನು ಮಾಡ್ತೀಯೇ ಎಂದು ಕೇಳಿದ ತಾಯಿಗೆ ಹಂಡೆ ತೋರಿಸಿ, “ಉಪ್ಪುನೀರು ಬಿದ್ರೆ ಸೋಯಾ ಹಾಲು ಗಟ್ಟಿ ಆಗುತ್ತಲ್ಲ, ಅಪ್ಪನ ಮೆದುಳಲ್ಲೂ ಪ್ರೋಟೀನು ಹಾಗೇ ಗಂಟು ಕಟ್ಟುತ್ತೆ. ನಾವು ಉಪ್ಪು ಹಾಕಿ ಅದನ್ನೇ ನೋಡ್ತೀವಿ” ಎಂದಿದ್ದಳು. ಮದುವೆಯಾಗಿ ಬಂದಂದಿನಿಂದ ಮಲ್ಸುನ್ ಕಡಲ ನೀರು ಹೊತ್ತು ತಂದು ತೋಫು ಮಾಡಿದವಳು. ದಿನಾ ಮೊದಲ ಸೌಟು ಗಂಡನಿಗೇ. ಮಗಳು ಬಸ್ಸು ಹತ್ತಿದ ಮೇಲೆ ಯಾರಿಗೂ ಹೇಳದೆ ಹಂಡೆ ಮಗುಚಿಟ್ಟಳು. ಗಂಡನಿಗೆ ಸಪ್ಪೆ ಗಂಜಿ ಶುರುವಾಯಿತು.

“ಅದು ಗಾಜಿನ ನಳಿಗೆಯ ಮಾತು ಕಣಮ್ಮಾ! ತಟ್ಟೆಯ ಉಪ್ಪು ನೆಟ್ಟಗೆ ಹೋಗಿ ಮೆದುಳಲ್ಲಿ ಕೂರಲ್ಲ. ನಳಿಗೇಲೂ ಒಂದು ಉಪ್ಪು ಗಂಟು ಕಟ್ಟಿಸಿದ್ರೆ ಇನ್ನೊಂದು ತಡೆಯುತ್ತೆ. ನಮಗೇ ಇನ್ನೂ ಪೂರ್ತಿ ಗೊತ್ತಾಗಿಲ್ಲ.”

“ಗೊತ್ತಾಗದೇ ಇದ್ದಿದ್ದನ್ನ ನನ್ನ ಹಂಡೆ ತೋರಿಸಿ ಯಾಕೆ ಹೇಳ್ದೆ? ಅದೂ ತೋಫು ಮಾಡೋಳ ಮುಂದೆ! ನಾನೇ ಕೈಯಾರೆ ಇವರ ತಲೆಗೆ ಕಡಲ ನೀರು ಹುಯ್ದೆ ಅಂತ ದಿನಾ ನನ್ನನ್ನೇ ಶಪಿಸಿಕೊಂಡಿದ್ದು ನಿನಗೆ ಗೊತ್ತೇನೇ?”

ಅಷ್ಟರಲ್ಲಿ ಮುದುಕ ದೊಕ್‌ಚಿಲ್ ನಡುಗುವ ಕೈಯಿಂದ ಬಟ್ಟಲನ್ನು ಆಚೆ ತಳ್ಳಿದ. “ಲೇ, ಕಡಲು ಬತ್ತಿಹೋಯ್ತೇನೇ?”

ಸೆಹ್ವಾ ಎರಡು ಬಕೆಟ್ಟು ಎತ್ತಿಕೊಂಡು, ಪಟ್ಟಣದ ಬೂಟಿನಲ್ಲೇ ಮರಳು ತುಳಿಯುತ್ತ ಕಡಲಿಗೆ ಹೋದಳು. ಮರುದಿನ ಹಂಡೆ ಕುದಿಯಿತು. ದೊಕ್‌ಚಿಲ್ ಎರಡು ಬಟ್ಟಲು ತೋಫು ಉಂಡ. ಸೆಹ್ವಾ ಒಂದು ಬಿಳಿ ತುಂಡು ತೆಗೆದು ತಾಯಿಯ ಬಾಯಿಗೆ ಹಿಡಿದಳು.

ಮಲ್ಸುನ್ ಆ ಕೈ ತಳ್ಳಿಬಿಟ್ಟಳು. “ಜೈಲಿಂದ ಬಿಟ್ಟೋರಿಗೆ ಪಾಪ ತೊಳೀಲಿ ಅಂತ ತಿನ್ನಿಸೋ ಹಾಗೆ ನನಗೆ ತೋಫು ತಿನ್ನಿಸ್ತೀಯಾ? ಶಿಕ್ಷೆ ಹಾಕಿದೋಳೂ ನೀನೇ, ಬಿಡಿಸೋಳೂ ನೀನೇನಾ?”

ತುಂಡು ನೆಲಕ್ಕೆ ಬಿದ್ದು ಒಡೆಯಿತು.

ಭಾನುವಾರ ಮಧ್ಯಾಹ್ನದ ಬಸ್ಸಿಗೆ ಸೆಹ್ವಾ ಹೊರಟುಹೋದಳು. ಅಂದು ಸಂಜೆ ಗಂಡನ ಗಂಜಿಗೆ ಹಾಕಲೆಂದು ಮಲ್ಸುನ್ ಚಿಟಿಕೆ ಉಪ್ಪು ತೆಗೆದುಕೊಂಡಳು. ಕೈ ಬಟ್ಟಲಿನ ಮೇಲೆ ಬಂದು ಅಲ್ಲೇ ನಿಂತಿತು. ಬೆರಳು ಮಾತ್ರ ಸಡಿಲಾಗಲಿಲ್ಲ.